ಎಲ್ಮ್ ಊರಿದೆ, ಎಲ್ಮ್ ಪಂಚಾಯಿತಿ ಇಲ್ಲ! ಗ್ಲಾರುಸ್ ಸ್ಯೂಡ್ ಬಗ್ಗೆ ಗೊತ್ತಿದ್ದವರು ಹೇಳಿ

ಕೊಡೆ_ಮರೆತವಳು:
ಎಲ್ಲರಿಗೂ ನಮಸ್ಕಾರ. ಜೂರಿಕ್‌ಗೆ ಬಂದು ಎರಡು ವರ್ಷವಾಯಿತು. ಹೆಸರುವಾಸಿ ಜಾಗಗಳೆಲ್ಲ ಮುಗಿದವು, ಕಿಸೆಯೂ ಖಾಲಿಯಾಯಿತು. ಹೋದ ಭಾನುವಾರ ಸುಮ್ನೆ ಒಂದು ಚಿಕ್ಕ ಊರು ನೋಡೋಣ ಎಂದು ಎಲ್ಮ್‌ಗೆ ಹೋಗಿದ್ದೆವು. ಗ್ಲಾರುಸ್ ಎಂಬ ಪುಟ್ಟ ಕ್ಯಾಂಟನ್‌ನಲ್ಲಿದೆ, ಕ್ಯಾಂಟನ್ ಅಂದರೆ ಸ್ವಿಟ್ಜರ್ಲೆಂಡ್‌ನ ರಾಜ್ಯ. ಸೀಗೆಲ್‌ಬ್ರೂಕೆಯಲ್ಲಿ ರೈಲು ಬದಲಿಸಿ ಶ್ವಾಂಡೆನ್‌ಗೆ, ಅಲ್ಲಿಂದ ಬಸ್ಸು. ಸೆರ್ನ್‌ಫ್ ಹೊಳೆಯ ಪಕ್ಕದಲ್ಲೇ ಎಂಗಿ, ಮಾಟ್ ಎಂಬ ಹಳ್ಳಿಗಳನ್ನು ದಾಟಿ ಕಣಿವೆಯ ಕೊನೆಗೆ ಹೋದರೆ ಎಲ್ಮ್. ಸಮುದ್ರ ಮಟ್ಟದಿಂದ ಸುಮಾರು 1000 ಮೀಟರ್ ಎತ್ತರ. ಬಿಸಿಲಿಗೆ ಕಪ್ಪಾದ ಮರದ ಮನೆಗಳು, ಒಂದು ಬಿಳಿ ಚರ್ಚು, ಮೂರು ಕಡೆ ಗೋಡೆಯಂತೆ ಬೆಟ್ಟ.

ಮನೆಗೆ ಬಂದು ಈ ಊರಲ್ಲಿ ಎಷ್ಟು ಜನ ಇದ್ದಾರೆ ಎಂದು ಹುಡುಕಿದೆ. ಸರ್ಕಾರಿ ಪಟ್ಟಿಯಲ್ಲಿ ಎಲ್ಮ್ ಎಂಬ ಹೆಸರೇ ಇಲ್ಲ. ಗ್ಲಾರುಸ್ ಸ್ಯೂಡ್ ಅಂತ ಒಂದಿದೆ. ವಿಸ್ತೀರ್ಣ 430 ಚದರ ಕಿಲೋಮೀಟರ್, ಜನ ಸುಮಾರು ಒಂಬತ್ತೂವರೆ ಸಾವಿರ. ಬಸ್ ಸ್ಟಾಪಿನ ಬೋರ್ಡಿನಲ್ಲಿ ಇರುವ ಊರು ಪಟ್ಟಿಯಲ್ಲಿ ಇಲ್ಲ. ಏನು ಕಥೆ ಇದು?

ಪಂಚಾಯ್ತಿ_ಪುರಾಣ:
ಅಕ್ಕಾ, ಒಳ್ಳೆ ಜಾಗಕ್ಕೇ ಹೋಗಿದ್ದೀರಿ. ಆ ಬೋರ್ಡಿನ ಹಿಂದೆ ದೊಡ್ಡ ಕಥೆ ಇದೆ.

2010ರ ಕೊನೆಯವರೆಗೆ ಎಲ್ಮ್ ಸ್ವತಂತ್ರ ಪಂಚಾಯಿತಿ. ಅವರ ಭಾಷೆಯಲ್ಲಿ ಗೆಮೈಂಡೆ. ನಮ್ಮ ಗ್ರಾಮ ಪಂಚಾಯಿತಿಗೆ ಹೋಲಿಸಿದರೆ ಅದಕ್ಕೆ ಅಧಿಕಾರ ಜಾಸ್ತಿ, ತೆರಿಗೆ ದರವನ್ನೂ ತಾನೇ ನಿಗದಿ ಮಾಡುತ್ತದೆ. ಇಡೀ ಗ್ಲಾರುಸ್ ಕ್ಯಾಂಟನ್ 685 ಚದರ ಕಿಲೋಮೀಟರ್, ಜನ ಹತ್ತಿರಹತ್ತಿರ 41 ಸಾವಿರ. ನಮ್ಮಲ್ಲಿ ಒಂದು ತಾಲ್ಲೂಕಿಗೂ ಸಾಲದು. ಅದರಲ್ಲಿ 25 ಪಂಚಾಯಿತಿಗಳಿದ್ದವು. ಅದಲ್ಲದೆ ಶಾಲೆಗೆ ಬೇರೆ ಮಂಡಳಿ, ಬಡವರ ನೆರವಿಗೆ ಬೇರೆ, ಕಾಡು ಮತ್ತು ಹುಲ್ಲುಗಾವಲು ನೋಡಿಕೊಳ್ಳುವ, ಊರಿನ ಮೂಲ ಮನೆತನದವರ ಕೂಟ ಬೇರೆ. ಆ ಕೊನೆಯದಕ್ಕೆ ಅಲ್ಲಿನವರು ಟಾಗ್ವೆನ್ ಅನ್ನುತ್ತಿದ್ದರು. ಎಲ್ಲ ಸೇರಿದರೆ ಸುಮಾರು 70 ಸಂಸ್ಥೆಗಳು. ಇಷ್ಟಕ್ಕೆಲ್ಲ ಸದಸ್ಯರಾಗಿ ಕೂರಲು ಜನ ಸಿಗುತ್ತಿರಲಿಲ್ಲ. ದುಡ್ಡೂ ಸಾಲುತ್ತಿರಲಿಲ್ಲ.

ಕ್ಯಾಂಟನ್ ಸರ್ಕಾರ 25ನ್ನು 10ಕ್ಕೆ ಇಳಿಸೋಣ ಎಂದು ಪ್ರಸ್ತಾಪ ತಂದಿತು. 2006ರ ಮೇ 7, ಭಾನುವಾರ. ಗ್ಲಾರುಸ್ ಪಟ್ಟಣದ ಬಯಲಿನಲ್ಲಿ ಲಾಂಡ್ಸ್‌ಗೆಮೈಂಡೆ ಸೇರಿತ್ತು. ಮತದಾನದ ಹಕ್ಕಿರುವ ಎಲ್ಲರೂ ಬಂದು ನಿಂತು, ಕೈ ಎತ್ತಿ ಕಾನೂನು ಮಾಡುವ ಸಭೆ ಅದು. ಅಲ್ಲಿ ಯಾರು ಬೇಕಾದರೂ ಮೇಲೆ ಹತ್ತಿ ಮಾತಾಡಬಹುದು, ತಿದ್ದುಪಡಿ ಕೇಳಬಹುದು. ಒಬ್ಬ ಸಾಮಾನ್ಯ ಪ್ರಜೆ ಹತ್ತು ಯಾಕೆ, ಮೂರೇ ಸಾಕು ಅಂದರು. ಉತ್ತರ, ನಡು, ದಕ್ಷಿಣ. ಸಭೆ ಆ ಮಾತಿಗೇ ಕೈ ಎತ್ತಿತು! ಸರ್ಕಾರದವರೇ ತಬ್ಬಿಬ್ಬಾದರು.

2011ರ ಜನವರಿ 1ರಿಂದ ಮೂರೇ ಪಂಚಾಯಿತಿ: ಗ್ಲಾರುಸ್ ನೋರ್ಡ್, ಗ್ಲಾರುಸ್, ಗ್ಲಾರುಸ್ ಸ್ಯೂಡ್. ದಕ್ಷಿಣದ ಪಾಲಿಗೆ 13 ಹಳೆಯ ಪಂಚಾಯಿತಿಗಳು ಬಂದವು, ಅದರಲ್ಲಿ ಎಲ್ಮ್ ಒಂದು. ಆಗ ವಿಸ್ತೀರ್ಣದಲ್ಲಿ ಇಡೀ ಸ್ವಿಟ್ಜರ್ಲೆಂಡ್‌ಗೇ ದೊಡ್ಡ ಪಂಚಾಯಿತಿ ಇದೇ. 2015ರಲ್ಲಿ ಪೂರ್ವದ ಶ್ಕ್ವೋಲ್ ತನ್ನ ಅಕ್ಕಪಕ್ಕದವನ್ನು ಸೇರಿಸಿಕೊಂಡು ಇದನ್ನು ಹಿಂದೆ ಹಾಕಿತು.

ಸುಮ್ನೆ_ಓದುವವ:
ಸಾವಿರಾರು ಜನ ಕೈ ಎತ್ತಿದರೆ ಎಣಿಸೋದು ಯಾರು?

ಪಂಚಾಯ್ತಿ_ಪುರಾಣ:
ಯಾರೂ ಎಣಿಸುವುದಿಲ್ಲ! ಲಾಂಡಮ್ಮನ್, ಅಂದರೆ ಸಭೆ ನಡೆಸುವವರು, ವೇದಿಕೆಯಿಂದ ಕಣ್ಣಳತೆಯಲ್ಲಿ ನೋಡಿ ಇಂಥ ಕಡೆ ಜಾಸ್ತಿ ಅನ್ನುತ್ತಾರೆ. ಅನುಮಾನ ಬಂದರೆ ಮತ್ತೆ ಕೈ ಎತ್ತಿಸುತ್ತಾರೆ, ಪಕ್ಕದವರನ್ನು ಕೇಳುತ್ತಾರೆ. ಅವರು ಹೇಳಿದ್ದೇ ಕೊನೆಯ ಮಾತು. ಮಕ್ಕಳು ವೇದಿಕೆಯ ಹತ್ತಿರ ಕೂತು ನೋಡುತ್ತಿರುತ್ತಾರೆ. 2007ರಲ್ಲಿ ಇದೇ ಸಭೆ ಮತದಾನದ ವಯಸ್ಸನ್ನು 16ಕ್ಕೆ ಇಳಿಸಿತು, ಸ್ವಿಟ್ಜರ್ಲೆಂಡ್‌ನಲ್ಲಿ ಅದೇ ಮೊದಲು. ಹಾಗೆಂದು ಪೂರ್ತಿ ಹೊಗಳುವ ಹಾಗೂ ಇಲ್ಲ. ಹೆಂಗಸರು ಅದೇ ಬಯಲಿನಲ್ಲಿ ಕೈ ಎತ್ತುವ ಹಕ್ಕಿಗೆ 1971ರವರೆಗೆ ಕಾಯಬೇಕಾಯಿತು.

ನೇಫೆಲ್ಸ್_ಬಾಡಿಗೆದಾರ:
ನಾನು ಇದೇ ಕ್ಯಾಂಟನ್‌ನ ಉತ್ತರದ ತುದಿಯಲ್ಲಿ ಇರುವವನು. ಪುರಾಣದವರು ಹೇಳಿದ್ದು ಸರಿ, ಆದರೆ ಒಂದು ಮುಖ ಮಾತ್ರ. ಆ ನಿರ್ಧಾರವಾದ ಮೇಲೆ ಬೇಡ ಬೇಡ ಎಂದು ಗಲಾಟೆ ಆಗಿ, 2007ರ ನವೆಂಬರ್ 25ರಂದು ಮತ್ತೆ ವಿಶೇಷ ಸಭೆ ಕರೆಯಬೇಕಾಯಿತು. ಅಲ್ಲಿ ಇನ್ನೂ ದೊಡ್ಡ ಬಹುಮತದಿಂದ ಮೂರೇ ಇರಲಿ ಎಂದಾಯಿತು, ಅದು ಬೇರೆ ಮಾತು.

ಈಗ ನೋಡಿ, ನಮ್ಮ ಗ್ಲಾರುಸ್ ನೋರ್ಡ್ 18 ಸಾವಿರ ದಾಟಿ ಬೆಳೆಯುತ್ತಲೇ ಇದೆ. ಹೆದ್ದಾರಿ ಪಕ್ಕದಲ್ಲಿದೆ, ಜೂರಿಕ್‌ಗೆ ದಿನಾ ಹೋಗಿ ಬರಬಹುದು, ಬಾಡಿಗೆ ಕಡಿಮೆ. ದಕ್ಷಿಣದಲ್ಲಿ ಉಲ್ಟಾ. ಜನ ಕಡಿಮೆ, ವಯಸ್ಸಾದವರು ಜಾಸ್ತಿ, ರಸ್ತೆ ಮತ್ತು ನೀರಿನ ಪೈಪು ಮಾತ್ರ 430 ಚದರ ಕಿಲೋಮೀಟರ್‌ಗೆ ಹಾಕಬೇಕು. ಹದಿಮೂರು ಬಡವರನ್ನು ಒಂದು ಮನೆಯಲ್ಲಿ ಕೂರಿಸಿದರೆ ಶ್ರೀಮಂತರಾಗುತ್ತಾರಾ? ಒಂದೇ ಅಡುಗೆಮನೆ ಉಳಿಯಿತು, ಅಷ್ಟೇ.

ಪಂಚಾಯ್ತಿ_ಪುರಾಣ:
ಅಡುಗೆಮನೆ ಒಂದಾದರೆ ಸೌದೆ ಉಳಿಯುತ್ತದೆ ಸಾರ್ 🙂 ಸಾವಿರ ಜನರೂ ಇಲ್ಲದ ಎಲ್ಮ್ ಒಂದೇ ತನ್ನ ಕಣಿವೆಯ ರಸ್ತೆ, ಶಾಲೆ, ಹಿಮಪಾತದ ತಡೆ ಎಲ್ಲ ನೋಡಿಕೊಳ್ಳಬೇಕಿತ್ತು, ನೆನಪಿರಲಿ.

ಗಣಿ_ಮೇಷ್ಟ್ರು:
ನೀವು ಆಡಳಿತದ ಜಗಳ ಆಡಿ. ಎಲ್ಮ್ ಹೆಸರು ನಮ್ಮ ಕಸುಬಿನವರಿಗೆ ಬೇರೆ ಕಾರಣಕ್ಕೆ ಗೊತ್ತು. 1881ರ ಸೆಪ್ಟೆಂಬರ್ 11.

ಆ ಊರಿನ ಎದುರು ಬೆಟ್ಟದಲ್ಲಿ ಕಪ್ಪು ಸ್ಲೇಟು ಕಲ್ಲಿದೆ. 1868ರಿಂದ ಅದನ್ನು ತೆಗೆಯಲು ಶುರು ಮಾಡಿದರು. ಯೂರೋಪಿನಲ್ಲಿ ಆಗ ಎಲ್ಲ ಮಕ್ಕಳಿಗೂ ಶಾಲೆ ಕಡ್ಡಾಯವಾಗುತ್ತಿದ್ದ ಕಾಲ. ಪ್ರತಿ ಮಗುವಿಗೂ ಬರೆಯಲು ಸ್ಲೇಟು ಬೇಕು. ದನ ಕಾಯ್ದು, ಹುಲ್ಲು ಕೊಯ್ದು ಬದುಕುತ್ತಿದ್ದ ಊರಿಗೆ ಅದು ಕೈಗೆ ಬಂದ ಕಾಸು. ಆದರೆ ಗಣಿ ಕೆಲಸ ಕಲಿತವರು ಯಾರೂ ಇರಲಿಲ್ಲ. ಬೆಟ್ಟದ ಬುಡದಲ್ಲಿ ಅಡ್ಡಕ್ಕೆ ಕೊರೆಯುತ್ತಾ ಹೋದರು. 180 ಮೀಟರ್ ಅಗಲ, 60 ಮೀಟರ್‌ಗೂ ಹೆಚ್ಚು ಆಳ. ಮೇಲಿನ ಭಾರಕ್ಕೆ ಸರಿಯಾದ ಕಂಬ ಬಿಡಲಿಲ್ಲ. ಹಲಸಿನ ಮರದ ಬುಡವನ್ನು ಮುಕ್ಕಾಲು ಕಡಿದು ಅದರ ಕೆಳಗೇ ಕೂತು ಊಟ ಮಾಡಿದ ಹಾಗೆ.

ಬೆಟ್ಟದ ಮೇಲೆ ಬಿರುಕು ಬಿಟ್ಟಿತು. ವರ್ಷ ವರ್ಷ ಅಗಲವಾಯಿತು. ಆ ಬೇಸಿಗೆಯ ಕೊನೆಯಲ್ಲಿ ಮಳೆ ಹಿಡಿಯಿತು, ಕಲ್ಲು ಉದುರಲು ಶುರುವಾಯಿತು, ಗಣಿ ಕೆಲಸ ನಿಲ್ಲಿಸಿದರು. ದುರಂತದ ಹಿಂದಿನ ದಿನ ಒಂದು ತಂಡ ಮೇಲೆ ಹತ್ತಿ ನೋಡಿ ಬಂತು. ತಕ್ಷಣಕ್ಕೆ ಅಪಾಯವಿಲ್ಲ ಅಂದಿತು.

ಮರುದಿನ ಭಾನುವಾರ. ಸಂಜೆ ಮೊದಲು ಒಂದು ಬದಿ ಕುಸಿಯಿತು. ಜನ ಓಡಿಹೋಗುವ ಬದಲು ನೋಡಲು ನಿಂತರು, ಕೆಲವರು ಸಾಮಾನು ಹೊರಲು ನೆರೆಯವರ ಮನೆಗೆ ಹೋದರು. ಸ್ವಲ್ಪ ಹೊತ್ತಿಗೆ ಇನ್ನೊಂದು ಬದಿ. ಅದಾದ ಕೆಲವೇ ನಿಮಿಷಕ್ಕೆ ನಡುವಿನ ಬೆಟ್ಟವೇ ಕಳಚಿತು. ಸುಮಾರು 1 ಕೋಟಿ ಘನ ಮೀಟರ್ ಕಲ್ಲು. ಅದು ಕೆಳಗೆ ಬಿದ್ದು ಅಲ್ಲೇ ಗುಡ್ಡೆಯಾಗಲಿಲ್ಲ. ಎದುರಿನ ಡ್ಯೂನಿಬೆರ್ಗ್ ಎಂಬ ಇಳಿಜಾರನ್ನು ಏರಿತು, ಅಲ್ಲಿಂದ ತಿರುಗಿ ಕಣಿವೆಯುದ್ದಕ್ಕೂ ನೀರಿನ ಹಾಗೆ ಹರಿಯಿತು. ಎತ್ತರದಲ್ಲಿದ್ದರೆ ಸುರಕ್ಷಿತ ಎಂದು ಡ್ಯೂನಿಬೆರ್ಗ್ ಕಡೆ ಓಡಿದವರು ಅಲ್ಲೇ ಸತ್ತರು. ಒಟ್ಟು 115 ಜನ, 83 ಕಟ್ಟಡಗಳು. ಎಲ್ಲ ಮುಗಿಯಲು ಒಂದು ನಿಮಿಷವೂ ಹಿಡಿಯಲಿಲ್ಲ.

ಒಣ ಕಲ್ಲು ಹೀಗೆ ಹರಿಯುವುದು ಹೇಗೆ ಎಂಬ ಪ್ರಶ್ನೆ ಅಲ್ಲಿಂದಲೇ ಶುರುವಾಯಿತು. ಜೂರಿಕ್‌ನ ಭೂವಿಜ್ಞಾನಿ ಆಲ್ಬರ್ಟ್ ಹೈಮ್ ಕೂಡಲೇ ಹೋಗಿ, ಬದುಕುಳಿದವರನ್ನು ಕೇಳಿ ಎಲ್ಲ ದಾಖಲಿಸಿದ. ಇಂಥ ಕಲ್ಲಿನ ಹೊಳೆಗೆ ಸ್ಟುರ್ತ್ಸ್‌ಸ್ಟ್ರೋಮ್ ಎಂಬ ಹೆಸರು ಬಂದದ್ದು ಎಲ್ಮ್‌ನಿಂದ. ಇವತ್ತಿಗೂ ನಮ್ಮ ಪಾಠದಲ್ಲಿ ಆ ಜರ್ಮನ್ ಪದವೇ ಇದೆ.

ಬಳಪದ_ಚೂರು:
ಮೇಷ್ಟ್ರೇ, ಓದಿ ಮೈ ಜುಮ್ಮೆಂದಿತು. ಹಾಗಾದರೆ ನಾವು ಒಂದನೇ ಕ್ಲಾಸಿನಲ್ಲಿ ಅ ಆ ಇ ಈ ತಿದ್ದಿದ ಸ್ಲೇಟೂ ಅಲ್ಲಿಂದಲೇ ಬಂದದ್ದಾ?

ಗಣಿ_ಮೇಷ್ಟ್ರು:
ಇಲ್ಲಪ್ಪ. ಸ್ಲೇಟಿಗೆ ನಮ್ಮ ಕಡೆ ಹೆಸರಾದದ್ದು ಆಂಧ್ರದ ಮಾರ್ಕಾಪುರ. ಗ್ಲಾರುಸ್ ಸ್ಲೇಟು ಯೂರೋಪಿನಲ್ಲಿ ಓಡಾಡಿದ ಮಾಲು. ಮೇಜಿನ ನಡುವೆ ಕೂರಿಸುವ ಕಲ್ಲು ಹಲಗೆ, ಮನೆಯ ಹಂಚು ಎಲ್ಲ ಅದರಲ್ಲೇ ಮಾಡುತ್ತಿದ್ದರು. ಎಲ್ಮ್‌ಗಿಂತ ತುಂಬ ಹಳೆಯ ಗಣಿ ಎಂದರೆ ಕೆಳಗಿನ ಎಂಗಿ ಊರಿನದ್ದು. ಅದು 1961ರವರೆಗೂ ನಡೆಯಿತು, ಈಗ ಒಳಗೆ ಕರೆದುಕೊಂಡು ಹೋಗಿ ತೋರಿಸುತ್ತಾರೆ. ಆ ಕಲ್ಲಿನಲ್ಲಿ ಮೀನಿನ ಪಳೆಯುಳಿಕೆಗಳೂ ಸಿಗುತ್ತವೆ. ಆಲ್ಪ್ಸ್ ನಡುವೆ ಸಮುದ್ರದ ಮೀನು!

ಸುಮ್ನೆ_ಓದುವವ:
ಬಿರುಕು ಬಿಟ್ಟ ಬೆಟ್ಟದ ಕೆಳಗೆ ಅಷ್ಟು ವರ್ಷ ಇದ್ದರಲ್ಲ, ಮೂರ್ಖರಾ ಅವರು?

ಗಣಿ_ಮೇಷ್ಟ್ರು:
ಹಾಗನ್ನಬೇಡಿ. ಸಾವಿರದ ಆಸುಪಾಸಿನ ಜನ, ಅದರಲ್ಲಿ ಹತ್ತಿರಹತ್ತಿರ ಒಂಬತ್ತರಲ್ಲಿ ಒಬ್ಬರು ಒಂದೇ ಸಂಜೆ ಹೋದರು. ಹೊಟ್ಟೆಪಾಡಿನ ಬೆಟ್ಟವನ್ನು ಅನುಮಾನದಿಂದ ನೋಡುವುದು ಕಷ್ಟ. ಅಳೆಯುವ ಯಂತ್ರವೂ ಇರಲಿಲ್ಲ. 2025ರ ಮೇನಲ್ಲಿ ವಾಲಿಸ್ ಕ್ಯಾಂಟನ್‌ನ ಬ್ಲಾಟೆನ್ ಹಳ್ಳಿ ನೆನಪಿದೆಯಲ್ಲ? ಬೆಟ್ಟ ಜರುಗುತ್ತಿರುವುದನ್ನು ಅಳೆದು ಒಂಬತ್ತು ದಿನ ಮೊದಲೇ ಸುಮಾರು 300 ಜನರನ್ನು ಹೊರಗೆ ಕಳಿಸಿದರು. ಹಿಮನದಿಯೂ ಕಲ್ಲೂ ಸೇರಿ ಊರನ್ನೇ ಮುಚ್ಚಿತು. ಸತ್ತದ್ದು ಒಬ್ಬರು. ಮನುಷ್ಯ ಬುದ್ಧಿವಂತನಾದ ಎನ್ನುವುದಕ್ಕಿಂತ ಯಂತ್ರ ಬಂತು ಎನ್ನಿ.

ನೇಫೆಲ್ಸ್_ಬಾಡಿಗೆದಾರ:
ಬ್ಲಾಟೆನ್ ತನಕ ಯಾಕೆ, ಗ್ಲಾರುಸ್ ಸ್ಯೂಡ್ ಒಳಗೇ ಆಗಿದೆ. 2023ರ ಆಗಸ್ಟ್ 29ರಂದು ಶ್ವಾಂಡೆನ್‌ನಲ್ಲಿ ಗುಡ್ಡ ಜರುಗಿತು. ಅಕ್ಕ ಬಸ್ಸು ಹತ್ತಿದ ಊರು ಅದೇ. ಜೀವಹಾನಿ ಆಗಲಿಲ್ಲ, ಆದರೆ ನೂರರ ಹತ್ತಿರ ಜನ ಮನೆ ಬಿಟ್ಟು ಹೊರಡಬೇಕಾಯಿತು. ಎಷ್ಟೋ ಜನಕ್ಕೆ ಆ ಮನೆಗೆ ವಾಪಸು ಹೋಗಲು ಆಗಲೇ ಇಲ್ಲ. ಜನಸಂಖ್ಯೆ ಕಡಿಮೆಯಾಗುವುದಕ್ಕೆ ಇದೂ ಒಂದು ದಾರಿ.

ಕೊಡೆ_ಮರೆತವಳು:
ಅಯ್ಯೋ, ನಾನು ಆ ಹುಲ್ಲುಗಾವಲಿನ ಪಕ್ಕ ಕೂತು ಚಿತ್ರಾನ್ನದ ಡಬ್ಬಿ ಬಿಚ್ಚಿದ್ದೆ! ಅಲ್ಲಲ್ಲಿ ದೊಡ್ಡ ಬಂಡೆಗಳು ಬಿದ್ದಿದ್ದವು. ಎಷ್ಟು ಚೆನ್ನಾಗಿದೆ ಎಂದು ಫೋಟೋ ತೆಗೆದೆ. ಈಗ ಆ ಫೋಟೋ ನೋಡಿದರೆ ಹೊಟ್ಟೆ ತೊಳಸುತ್ತದೆ.

ಇನ್ನೊಂದು ಕೇಳಬೇಕಿತ್ತು. ಬೆಟ್ಟದ ತುದಿಯಲ್ಲಿ ಹಲ್ಲಿನ ಹಾಗೆ ಸಾಲು ಶಿಖರ, ಅದರಲ್ಲಿ ಒಂದು ತೂತು ಕಂಡಿತು. ಕೆಳಗೆ ಗೆರೆ ಎಳೆದ ಹಾಗೆ ಉದ್ದಕ್ಕೂ ಒಂದು ಪಟ್ಟಿ. ಮಗಳು ಯಾರೋ ಸ್ಕೇಲ್ ಇಟ್ಟು ಗೀಚಿದ್ದಾರೆ ಅಂದಳು.

ಗಣಿ_ಮೇಷ್ಟ್ರು:
ಮಗಳಿಗೆ ಪೂರ್ತಿ ಅಂಕ ಕೊಡಿ. ಆ ಗೆರೆ ನೋಡಲು ಭೂವಿಜ್ಞಾನಿಗಳು ದೇಶ ದೇಶದಿಂದ ಬರುತ್ತಾರೆ.

ಸಾಮಾನ್ಯವಾಗಿ ಹಳೆಯ ಕಲ್ಲು ಕೆಳಗೆ, ಹೊಸದು ಮೇಲೆ. ಹಳೆ ಪೇಪರಿನ ಕಟ್ಟು ಇದ್ದ ಹಾಗೆ. ಚಿಂಗೆಲ್‌ಹೋರ್ನರ್ ಶಿಖರಗಳಲ್ಲಿ ತಲೆಕೆಳಗು. ಗೆರೆಯ ಮೇಲಿರುವ ಕಲ್ಲಿನ ವಯಸ್ಸು 25ರಿಂದ 30 ಕೋಟಿ ವರ್ಷ. ಕೆಳಗಿನದು 3.5ರಿಂದ 5 ಕೋಟಿ ವರ್ಷದ್ದು. ಆಫ್ರಿಕಾ ಕಡೆಯ ಭೂಫಲಕ ಯೂರೋಪನ್ನು ಒತ್ತಿದಾಗ, ಹಳೆಯ ಕಲ್ಲಿನ ದೊಡ್ಡ ಹಾಳೆ ಹೊಸದರ ಮೇಲೆ ಜಾರಿ ಉತ್ತರಕ್ಕೆ ಸುಮಾರು 40 ಕಿಲೋಮೀಟರ್ ಬಂತು. ಜಾರಿದ ಜಾಗವೇ ಆ ಗೆರೆ.

ತಮಾಷೆ ಎಂದರೆ, ಎಲ್ಮ್ ಕುಸಿತವನ್ನು ಅಷ್ಟು ಚೆನ್ನಾಗಿ ಅರ್ಥ ಮಾಡಿಕೊಂಡ ಹೈಮ್ ಈ ವಿಷಯದಲ್ಲಿ ಎಡವಿದ. ಕಲ್ಲು ಜಾರಿಲ್ಲ, ಎರಡು ಕಡೆಯಿಂದ ಮಡಿಚಿಕೊಂಡಿದೆ ಎಂದು ವರ್ಷಗಟ್ಟಲೆ ವಾದಿಸಿದ. ಫ್ರಾನ್ಸಿನ ಮಾರ್ಸೆಲ್ ಬೆರ್ತ್ರಾಂ 1884ರಲ್ಲೇ ಅದು ಜಾರಿದ್ದು ಅಂದಿದ್ದ. ಹೈಮ್ ಒಪ್ಪಿದ್ದು 20ನೇ ಶತಮಾನ ಬಂದ ಮೇಲೆ. ದೊಡ್ಡವರು ತಪ್ಪು ಒಪ್ಪಿಕೊಳ್ಳಲು ಬೆಟ್ಟ ಜರುಗುವಷ್ಟು ಹೊತ್ತು ಬೇಕು. 2008ರಲ್ಲಿ ಯುನೆಸ್ಕೋ ಈ ಇಡೀ ಪ್ರದೇಶವನ್ನು ಸಾರ್ಡೋನಾ ಹೆಸರಿನಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಬೆಟ್ಟ ಹತ್ತಲು ಆಗದವರು ಶ್ವಾಂಡೆನ್ ಹತ್ತಿರ ಲೋಖ್‌ಸೈಟೆಗೆ ಹೋಗಿ. ಅಲ್ಲಿ ಆ ಗೆರೆಯ ಮೇಲೆ ಬೆರಳಿಡಬಹುದು.

ತೂತಿನ ಹೆಸರು ಮಾರ್ಟಿನ್ಸ್‌ಲೋಖ್. ಅದರ ಕಥೆ ನನಗಿಂತ ಬೇರೆಯವರು ಚೆನ್ನಾಗಿ ಹೇಳುತ್ತಾರೆ.

ಸೇನೆ_ಸಂಗತಿ:
ನಾನು ಹೇಳುತ್ತೇನೆ. ಮಾರ್ಟಿನ್ ಎಂಬ ಸಂತ ಅಲ್ಲಿ ಕುರಿ ಮೇಯಿಸುತ್ತಿದ್ದನಂತೆ. ಬೆಟ್ಟದಾಚೆಯಿಂದ ಒಬ್ಬ ದೈತ್ಯ ಕುರಿ ಕದಿಯಲು ಬಂದ. ಮಾರ್ಟಿನ್ ದೊಣ್ಣೆ ಎಸೆದ. ಅದು ದೈತ್ಯನಿಗೆ ತಗಲದೆ ಬೆಟ್ಟಕ್ಕೆ ತಗಲಿ ತೂತಾಯಿತು. ಗುರಿ ತಪ್ಪಿದ್ದಕ್ಕೆ ಹೆಸರು ಉಳಿದದ್ದು ಇದೊಂದೇ ಇರಬೇಕು.

ತೂತು ಸುಮಾರು 20 ಮೀಟರ್ ಎತ್ತರ. ವರ್ಷಕ್ಕೆ ಎರಡು ಸಲ, ಮಾರ್ಚ್ 12-13 ಮತ್ತು ಸೆಪ್ಟೆಂಬರ್ 30-ಅಕ್ಟೋಬರ್ 1ರ ಬೆಳಿಗ್ಗೆ, ಸೂರ್ಯ ಬೆಟ್ಟದ ಹಿಂದೆ ಇರುವಾಗಲೇ ಬಿಸಿಲು ಆ ತೂತಿನಿಂದ ತೂರಿ ಎಲ್ಮ್ ಚರ್ಚಿನ ಗೋಪುರದ ಮೇಲೆ ಬೀಳುತ್ತದೆ. ಎರಡೂವರೆ ನಿಮಿಷ ಅಷ್ಟೇ. ನಮ್ಮ ಬೆಂಗಳೂರಿನ ಗವಿ ಗಂಗಾಧರೇಶ್ವರದಲ್ಲಿ ಸಂಕ್ರಾಂತಿಯ ದಿನ ಬಿಸಿಲು ಲಿಂಗದ ಮೇಲೆ ಬೀಳುತ್ತದಲ್ಲ, ಅದು ಕಟ್ಟಿದವರ ಲೆಕ್ಕಾಚಾರ. ಎಲ್ಮ್‌ನಲ್ಲಿ ತೂತು ತಾನಾಗಿ ಆದದ್ದು.

ನನ್ನ ಆಸಕ್ತಿ ಮಾತ್ರ 1799. ರಷ್ಯಾದ ಸೇನಾಪತಿ ಸುವೋರೋವ್ ಫ್ರೆಂಚರ ವಿರುದ್ಧ ಹೋರಾಡುತ್ತಾ ಆಲ್ಪ್ಸ್‌ನಲ್ಲಿ ಸಿಕ್ಕಿಬಿದ್ದ. ಮುದುಕ, 70ರ ಹತ್ತಿರ ವಯಸ್ಸು. ದಾರಿ ಎಲ್ಲ ಬಂದ್. ಅಕ್ಟೋಬರ್ 5ರ ರಾತ್ರಿ ಹಸಿದ, ಬೂಟು ಹರಿದ ಸಾವಿರಾರು ಸೈನಿಕರೊಂದಿಗೆ ಎಲ್ಮ್‌ನಲ್ಲಿ ತಂಗಿದ. ಮರುದಿನ ಹಿಮದಲ್ಲಿ 2400 ಮೀಟರ್ ಎತ್ತರದ ಪಾನಿಕ್ಸರ್ ಕಣಿವೆಮಾರ್ಗ ಹತ್ತಿಸಿದ. ಫಿರಂಗಿಗಳು ಹೋದವು, ಹೇಸರಗತ್ತೆಗಳು ಹೋದವು, ಜನ ಹೆಪ್ಪುಗಟ್ಟಿ ಸತ್ತರು. ಅವನು ಮಲಗಿದ್ದ ಮನೆ ಇನ್ನೂ ಇದೆ, ಸುವೋರೋವ್ ಮನೆ ಎಂದೇ ಹೆಸರು. ಆ ಒಂದು ರಾತ್ರಿಯಲ್ಲಿ ಅಷ್ಟು ಬಾಯಿಗಳಿಗೆ ಆ ಬಡ ಊರು ಏನು ಕೊಟ್ಟಿತೋ, ಬೇಲಿಯ ಮರವಾದರೂ ಉಳಿಯಿತೋ ಎನ್ನುವುದನ್ನು ಯಾರೂ ಸ್ಮಾರಕ ಮಾಡುವುದಿಲ್ಲ.

ಬಳಪದ_ಚೂರು:
ಸ್ಕೀಯಿಂಗ್ ನೋಡುವವರಿಗೆ ಎಲ್ಮ್ ಅಂದರೆ ವ್ರೇನಿ ಶ್ನೈಡರ್. ಒಲಿಂಪಿಕ್ಸ್‌ನಲ್ಲಿ ಮೂರು ಚಿನ್ನ, ವಿಶ್ವಕಪ್‌ನಲ್ಲಿ 55 ಗೆಲುವು. ನನ್ನ ಮಕ್ಕಳಿಗೆ ಮಾತ್ರ ಎಲ್ಮ್ ಅಂದರೆ ಎಲ್ಮರ್ ಸಿಟ್ರೋ. ಅಂಗಡಿಯಲ್ಲಿ ಸಿಗುವ ಆ ನಿಂಬೆ ಸೋಡಾ 1927ರಿಂದ ಇದೆ, ಇದೇ ಊರಿನ ಬುಗ್ಗೆಯ ನೀರಿನದು.

ಕೊಡೆ_ಮರೆತವಳು:
ಸೋಡಾ ಕುಡಿದೆವು, ಊರಿನ ಹೆಸರು ಎಂದು ತಲೆಗೆ ಹೊಳೆಯಲೇ ಇಲ್ಲ 😀

ಸರಿ, ನನ್ನ ಮೂಲ ಪ್ರಶ್ನೆಗೆ ಬರೋಣ. ಜನ. ಮೊದಲು ಯಾರಿದ್ದರು, ಈಗ ಯಾರಿದ್ದಾರೆ?

ನೇಫೆಲ್ಸ್_ಬಾಡಿಗೆದಾರ:
ಬೆಟ್ಟದ ಊರುಗಳಲ್ಲಿ ಮೊದಲಿನಿಂದಲೂ ಇದ್ದ ಸಮಸ್ಯೆ ಒಂದೇ. ನೆಲ ಹಿಡಿಯುವಷ್ಟು ಜನ, ಅದಕ್ಕಿಂತ ಜಾಸ್ತಿಯಾದರೆ ಹೊರಗೆ. 1840ರ ದಶಕದಲ್ಲಿ ಬೆಳೆ ಹಾಳಾಗಿ ಹಸಿವು ಬಂತು. 1845ರಲ್ಲಿ ಗ್ಲಾರುಸ್‌ನ ಊರುಗಳೇ ಹಣ ಕೂಡಿಸಿ ಸುಮಾರು 190 ಜನರನ್ನು ಅಮೆರಿಕಕ್ಕೆ ಕಳಿಸಿದವು. ವಿಸ್ಕಾನ್ಸಿನ್‌ನಲ್ಲಿ ಅವರು ಕಟ್ಟಿದ ನ್ಯೂ ಗ್ಲಾರುಸ್ ಈಗಲೂ ಇದೆ. ಪಂಚಾಯಿತಿಯೇ ಟಿಕೆಟ್ ತೆಗೆದುಕೊಟ್ಟು ಹೋಗಿ ಬನ್ನಿ ಅಂದಿತು. ಬನ್ನಿ ಎನ್ನುವುದು ಬಾಯಿಮಾತಿಗೆ.

ಉಳಿದವರನ್ನು ಹಿಡಿದಿಟ್ಟದ್ದು ಬಟ್ಟೆ ಗಿರಣಿಗಳು. ಲಿಂತ್ ಹೊಳೆಯ ನೀರಿನ ರಭಸಕ್ಕೆ ಚಕ್ರ ತಿರುಗಿಸಿ ನೂಲು, ನೇಯ್ಗೆ, ಅಚ್ಚು. ಜಾವಾದ ಬಾತಿಕ್ ಬಟ್ಟೆಯನ್ನು ನೋಡಿ ಅದರಂತೆಯೇ ಅಚ್ಚು ಹಾಕಿ ಅಲ್ಲಿಗೇ ಮಾರುತ್ತಿದ್ದರು ಅಂದರೆ ನೋಡಿ! 1864ರಲ್ಲಿ ಲಾಂಡ್ಸ್‌ಗೆಮೈಂಡೆ ಕಾರ್ಖಾನೆಯ ದುಡಿಮೆಯನ್ನು ದಿನಕ್ಕೆ 12 ಗಂಟೆಗೆ ಮಿತಿ ಮಾಡಿತು, ರಾತ್ರಿ ಕೆಲಸ ನಿಷೇಧಿಸಿತು. ಹನ್ನೆರಡು ಗಂಟೆಯೇ ಆಗ ದೊಡ್ಡ ಸುಧಾರಣೆ.

ಆಮೇಲೆ ಇಟಲಿಯವರು ಬಂದರು. ಈಚೆಗೆ ಪೋರ್ಚುಗಲ್, ಬಾಲ್ಕನ್ ಕಡೆಯವರು. ಈಗ ಕ್ಯಾಂಟನ್‌ನಲ್ಲಿ ನಾಲ್ವರಲ್ಲಿ ಒಬ್ಬರು ಹೊರದೇಶದ ಪಾಸ್‌ಪೋರ್ಟಿನವರು, ನನ್ನನ್ನೂ ಸೇರಿಸಿ. ಗಿರಣಿಗಳು ಒಂದೊಂದಾಗಿ ಮುಚ್ಚಿದವು. ದಕ್ಷಿಣದ ಲಿಂತಾಲ್‌ನಲ್ಲಿ ಬೆಟ್ಟದೊಳಗೆ ನೀರು ಮೇಲೆತ್ತಿ ಕರೆಂಟು ಮಾಡುವ 1000 ಮೆಗಾವ್ಯಾಟ್‌ನ ದೊಡ್ಡ ಯೋಜನೆ ಬಂತು. ಕಟ್ಟುವಾಗ ಜನ ತುಂಬಿದ್ದರು. ಕಟ್ಟಿ ಮುಗಿದ ಮೇಲೆ ಯಂತ್ರ ನೋಡಿಕೊಳ್ಳಲು ಎಷ್ಟು ಜನ ಬೇಕು?

ರೈಲ್ವೆ_ರಾಯ:
ನಡುವೆ ಬಾಯಿ ಹಾಕಿದ್ದಕ್ಕೆ ಕ್ಷಮಿಸಿ. 1905ರಿಂದ 1969ರವರೆಗೆ ಶ್ವಾಂಡೆನ್‌ನಿಂದ ಎಲ್ಮ್‌ಗೆ ಪುಟ್ಟ ವಿದ್ಯುತ್ ರೈಲು ಇತ್ತು. ರಸ್ತೆ ಅಗಲ ಮಾಡಲು ಅದನ್ನು ಕಿತ್ತರು. ಎಂಗಿಯಲ್ಲಿ ಅದಕ್ಕೊಂದು ಸಣ್ಣ ಮ್ಯೂಸಿಯಂ ಇದೆ. ಹೇಳದಿದ್ದರೆ ನಿದ್ದೆ ಬರುತ್ತಿರಲಿಲ್ಲ.

ಪಂಚಾಯ್ತಿ_ಪುರಾಣ:
ಅಕ್ಕನ ಪ್ರಶ್ನೆಗೆ ಇನ್ನೊಂದು ಉತ್ತರ ಇದೆ. ಸ್ವಿಸ್ ಪಾಸ್‌ಪೋರ್ಟಿನಲ್ಲಿ ಹುಟ್ಟಿದ ಊರು ಇರುವುದಿಲ್ಲ. ಹೈಮಾಟ್‌ಓರ್ಟ್ ಇರುತ್ತದೆ, ಅಂದರೆ ಮನೆತನದ ಮೂಲ ಊರು. ಅಪ್ಪ, ಅಜ್ಜ ಜಿನೀವಾದಲ್ಲೇ ಹುಟ್ಟಿ ಬೆಳೆದಿರಲಿ, ಮನೆತನ ಎಲ್ಮ್‌ನದ್ದಾದರೆ ಎಲ್ಮ್. ಎಲ್ಮರ್ ಎಂಬ ಅಡ್ಡಹೆಸರಿನವರು ದೇಶದ ತುಂಬ ಇದ್ದಾರೆ. ಹಾಗಾಗಿ ಎಲ್ಮ್‌ನಲ್ಲಿ ವಾಸ ಇರುವವರು ಒಂದು ಲೆಕ್ಕ, ಎಲ್ಮ್‌ನವರು ಇನ್ನೊಂದು ಲೆಕ್ಕ. ಎರಡನೆಯದು ಯಾವಾಗಲೂ ಜಾಸ್ತಿ. ಪಂಚಾಯಿತಿ ಸೇರಿಸಿದ ಮೇಲೆ ಆ ಜಾಗದಲ್ಲಿ ಗ್ಲಾರುಸ್ ಸ್ಯೂಡ್ ಬಂತು. ರಸ್ತೆ, ತೆರಿಗೆಗಿಂತ ಎಷ್ಟೋ ಜನಕ್ಕೆ ನೋವಾದದ್ದು ಈ ಒಂದು ಸಾಲಿನಿಂದ.

ನೇಫೆಲ್ಸ್_ಬಾಡಿಗೆದಾರ:
ನೋಡಿ, ಈಗ ನೀವೇ ನನ್ನ ಪಕ್ಷಕ್ಕೆ ಬಂದಿರಿ.

ಪಂಚಾಯ್ತಿ_ಪುರಾಣ:
ಬಂದಿಲ್ಲ. ನೋವಾಯಿತು ಅಂದೆ, ತಪ್ಪಾಯಿತು ಅನ್ನಲಿಲ್ಲ. ನಕ್ಷೆಯಲ್ಲಿ ಗೆರೆ ಅಳಿಸಿದರೆ ಊರು ಎಲ್ಲಿಗೆ ಹೋಗುತ್ತದೆ? 1881ರಲ್ಲಿ ಬೆಟ್ಟ ಬಿದ್ದಾಗಲೇ ಹೋಗಲಿಲ್ಲ. ನೂರು ವರ್ಷಕ್ಕೆ ಸರಿಯಾಗಿ, 1981ರಲ್ಲಿ, ಹಳೆಯ ಮನೆಗಳನ್ನು ಚೆನ್ನಾಗಿ ಉಳಿಸಿಕೊಂಡಿದ್ದಕ್ಕೆ ಎಲ್ಮ್‌ಗೆ ವಾಕರ್ ಪ್ರಶಸ್ತಿ ಸಿಕ್ಕಿತು. ಅಕ್ಕ ನೋಡಿ ಬಂದ ಕಪ್ಪು ಮರದ ಮನೆಗಳು ಅವೇ.

ಕೊಡೆ_ಮರೆತವಳು:
ಎಲ್ಲರಿಗೂ ಧನ್ಯವಾದ. ಸೆಪ್ಟೆಂಬರ್ 30ಕ್ಕೆ ರಜೆ ಹಾಕಿದ್ದೇನೆ. ಬೆಳಿಗ್ಗೆ ಒಂಬತ್ತಕ್ಕೆ ಮೊದಲೇ ಚರ್ಚಿನ ಹತ್ತಿರ ಇರಬೇಕು, ಹಾಗಾಗಿ ಹಿಂದಿನ ರಾತ್ರಿ ಅಲ್ಲೇ ಉಳಿಯುತ್ತೇವೆ. ವಾಪಸು ಬರುವಾಗ ಎಂಗಿ ಗಣಿ, ಆಮೇಲೆ ಲೋಖ್‌ಸೈಟೆ. ಮಗಳಿಗೆ ಗೆರೆಯ ಮೇಲೆ ಬೆರಳಿಡಬೇಕಂತೆ. ಯಾರಾದರೂ ಬರುವವರಿದ್ದರೆ ಹೇಳಿ, ಚಿತ್ರಾನ್ನ ಜಾಸ್ತಿ ಮಾಡುತ್ತೇನೆ.

ಸುಮ್ನೆ_ಓದುವವ:
ಮೋಡ ಇದ್ದರೆ?

ಗಣಿ_ಮೇಷ್ಟ್ರು:
ಮರುದಿನ ಇನ್ನೊಂದು ಅವಕಾಶ ಇದೆ. ಅದೂ ತಪ್ಪಿದರೆ ಮಾರ್ಚ್ 12. ಅಕ್ಕಾ, ಈ ಸಲ ಕೊಡೆ ಮರೆಯಬೇಡಿ.